ದಶರಥನ ಅಳತೆ

ನನ್ನ ಹೆಂಡತಿಯ ಮೊದಲ ಗಂಡ ಸತ್ತು ಹನ್ನೆರಡು ವರ್ಷವಾದಾಗ ಅವನ ಸೊಂಟ ಒಂದೂವರೆ ಇಂಚು ಮಾತ್ರ ಹೆಚ್ಚಿತ್ತು. ಅಷ್ಟೇ ಅವಧಿಯಲ್ಲಿ ನನ್ನದು ಆರು ಇಂಚು ಹೆಚ್ಚಿತ್ತು. ಎರಡನ್ನೂ ಅಳೆದವನು ನಾನೇ, ಟೇಪೂ ಒಂದೇ, ಆದ್ದರಿಂದ ಲೆಕ್ಕ ತಪ್ಪಿರುವ ಸಂಭವವಿಲ್ಲ. ಬದುಕಿದ್ದಾಗಲೂ ದಶರಥ ಹೀಗೇ ಇದ್ದ. ಎರಡು ಹೊತ್ತಿನ ರೊಟ್ಟಿಯನ್ನು ಒಂದೇ ಹೊತ್ತಿಗೆ ಮುಗಿಸಿ ಎದ್ದರೂ ಅಂಗಿಯ ಗುಂಡಿ ಬಿಗಿಯಾಗುತ್ತಿರಲಿಲ್ಲ. ನಾನೋ, ಗಾಳಿ ಕುಡಿದರೂ ಉಬ್ಬುವ ಪೈಕಿ.

ನಮ್ಮ ಊರಿನಲ್ಲಿ ದಂಡಿಗೆ ಹೋಗಿ ಸತ್ತವರ ಸಮವಸ್ತ್ರ ಸುಮ್ಮನೆ ಗೂಟಕ್ಕೆ ನೇತುಬಿದ್ದಿರುವುದಿಲ್ಲ. ಅದಕ್ಕೂ ವಯಸ್ಸಾಗುತ್ತದೆ. ಎದೆ ಅಗಲವಾಗುತ್ತದೆ, ಹೊಟ್ಟೆಯ ಹತ್ತಿರ ಬಟ್ಟೆ ಹಿಗ್ಗುತ್ತದೆ, ಕೆಲವರದು ಸೊರಗುತ್ತದೆ. ಹೀಗಾಗಿ ಪ್ರತಿ ವರ್ಷ ಕಾರ್ತೀಕದ ಮೊದಲ ಸೋಮವಾರ ಊರ ಸಿಂಪಿಗ ಟೇಪು ಕೊರಳಿಗೆ ಹಾಕಿಕೊಂಡು ಇಂಥ ಮನೆಗಳಿಗೆ ಹೋಗಬೇಕು. ಎದೆ, ಸೊಂಟ, ಕೊರಳು, ಭುಜ, ತೋಳು, ಕಾಲು ಎಂದು ಆರು ಅಳತೆ ತೆಗೆದು ಪುಸ್ತಕದಲ್ಲಿ ಬರೆಯಬೇಕು. ಮೂರು ವರ್ಷ ಒಂದೇ ಸಮನೆ ಆರೂ ಅಳತೆ ಅಲ್ಲಾಡದೆ ಉಳಿದರೆ ‘ಅಳತೆ ನಿಂತಿತು’ ಎನ್ನುತ್ತಾರೆ. ಆಗ ಆ ಮನುಷ್ಯನ ಪೆಟ್ಟಿಗೆಯನ್ನು ಬಾಜಾಭಜಂತ್ರಿಯೊಂದಿಗೆ ಅರಿವೆ ಮನೆಗೆ ಒಯ್ದು, ಕೊನೆಯ ಅಳತೆಗೆ ಸರಿಯಾಗಿ ಕೆತ್ತಿಸಿದ ಕಟ್ಟಿಗೆಯ ಬೊಂಬೆಗೆ ಸಮವಸ್ತ್ರ ತೊಡಿಸಿ, ಗಾಜಿನ ಕಪಾಟಿನಲ್ಲಿ ನಿಲ್ಲಿಸುತ್ತಾರೆ. ಅಲ್ಲಿಯವರೆಗೆ ಪೆಟ್ಟಿಗೆ ಮನೆಯವರ ಹೊಣೆ. ಬಿಸಿಲಿಗೆ ಹಾಕುವುದು, ಒಗೆಯುವುದು, ಮಡಚುವುದು ಅವರ ಕೆಲಸ. ಆದರೆ ಅಳೆಯುವುದು ಮಾತ್ರ ಸಿಂಪಿಗನ ಕೆಲಸ. ಮನೆಯವರು ಗೇಣು ಹಾಕಿ ಕೂಡ ನೋಡುವುದಿಲ್ಲ. ತಮ್ಮವರ ಆಯುಷ್ಯವನ್ನು ತಾವೇ ಅಳೆದಂತಾಗುತ್ತದೆ ಎಂದು ಹೆದರುತ್ತಾರೆ.

ನಾನು ಟೇಪು ಹಿಡಿದ ಕಾಲಕ್ಕೆ ಊರಲ್ಲಿ ಇಂಥ ಹತ್ತೊಂಬತ್ತು ಮನೆಗಳಿದ್ದವು. ಅಳತೆ ಇಳಿದ ಮನೆಯಲ್ಲಿ ಆ ವಾರ ಒಲೆ ಹಚ್ಚಲು ಯಾರಿಗೂ ಮನಸ್ಸು ಬರುತ್ತಿರಲಿಲ್ಲ. ಏರಿದ ಮನೆಯಲ್ಲಿ ಹಬ್ಬ. ಬಳೆಗಾರ್ತಿ ಖಾಸೀಂಬಿಯ ಮಗ ಮೆಹಬೂಬ ಇಪ್ಪತ್ತೆರಡಕ್ಕೆ ಸತ್ತವನು, ಕಡ್ಡಿಯಂತಿದ್ದ ಹುಡುಗ. ನಲವತ್ತು ದಾಟುವ ಹೊತ್ತಿಗೆ ಅವನ ಪ್ಯಾಂಟಿನ ಸೊಂಟ ನಲವತ್ತೆರಡಕ್ಕೆ ಬಂದಿತ್ತು. ಖಾಸೀಂಬಿ ಬಳೆ ತೊಡಿಸುವ ಮನೆಯಲ್ಲೆಲ್ಲ, “ನನ್ನ ಮಗನ ಹೊಟ್ಟಿ ನೋಡಬೇಕ್ರೆವ್ವಾ, ಥೇಟ ಅವರಪ್ಪಂದು!” ಎಂದು ಹೇಳಿಕೊಂಡು ತಿರುಗುತ್ತಿದ್ದಳು. ನಾನು ಅವಳ ಮನೆಗೆ ಹೋದಾಗ ಚಹಾದ ಜೊತೆ ಎರಡು ಖಾರಿ ಬಿಸ್ಕೀಟು ಹೆಚ್ಚಿಗೆ ಸಿಗುತ್ತಿದ್ದವು.

ದಶರಥ ಮತ್ತು ನಾನು ಒಂದೇ ಅಂಗಡಿಯಲ್ಲಿ ಹೊಲಿಗೆ ಕಲಿತವರು. ನಮ್ಮ ಮಾಸ್ತರರು ಏಕನಾಥಪ್ಪ. ದಶರಥ ಗುಂಡಿಗೆ ಹೊಲಿದ ಕಾಜಾ ನೋಡಿ ಮಾಸ್ತರರು ಗಿರಾಕಿಗಳಿಗೆ ತೋರಿಸುತ್ತಿದ್ದರು, ನನ್ನ ಕಾಜಾ ನೋಡಿ ಬಿಚ್ಚಲು ಬ್ಲೇಡಿಗೆ ಕೈ ಹಾಕುತ್ತಿದ್ದರು. ದಂಡಿಗೆ ಭರ್ತಿ ಮಾಡುವವರು ಬಂದಾಗ ಇಬ್ಬರೂ ಒಟ್ಟಿಗೇ ಹೋಗಿ ಅಂಗಿ ಬಿಚ್ಚಿ ನಿಂತೆವು. ಅವನ ಎದೆ ಅಳೆದವರು ಬೆನ್ನು ಚಪ್ಪರಿಸಿದರು. ನನ್ನದು ಉಸಿರು ಎಳೆದುಕೊಂಡರೂ ಮುಕ್ಕಾಲು ಇಂಚು ಕಡಿಮೆ ಬಂತು. ಬೇರೆಯವರ ಎದೆಯನ್ನು ನಿತ್ಯ ಅಳೆಯುವವನು ನನ್ನದನ್ನು ಮನೆಯಲ್ಲೇ ಒಮ್ಮೆ ಅಳೆದುಕೊಂಡು ಹೋಗಿದ್ದರೆ ಆ ಅವಮಾನವಾದರೂ ತಪ್ಪುತ್ತಿತ್ತು. ಅವನು ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ ಹೆಸರು ಬರೆಸಿಕೊಂಡು ರೈಲು ಹತ್ತಿದ. ನಾನು ಅಂಗಡಿಗೆ ಹೋಗಿ ಕಾಜಾ ಬಿಚ್ಚುತ್ತ ಕುಳಿತೆ.

ಮೂರು ವರ್ಷಕ್ಕೆ ದಶರಥ ರಜೆಯ ಮೇಲೆ ಬಂದು ಅಂಬೂಬಾಯಿಯನ್ನು ಮದುವೆಯಾದ. ಅವಳ ಮದುವೆಯ ಕುಬಸ ಹೊಲಿದವನು ನಾನು. ತೋಳಿನ ಅಳತೆ ತೆಗೆಯುವಾಗ ಅವಳು ನಕ್ಕದ್ದು, ಆ ನಗು ನನ್ನ ಸಲುವಾಗಿ ಅಲ್ಲ ಎಂದು ಗೊತ್ತಿದ್ದೂ ನಾನು ಅಳತೆ ಮರೆತು ಎರಡು ಸಲ ಅಳೆದದ್ದು, ಇದನ್ನೆಲ್ಲ ಯಾರಿಗೂ ಹೇಳಿಲ್ಲ. ಮದುವೆಯಾದ ಎರಡನೇ ವರ್ಷ ಗಡಿಯ ಹಿಮದಲ್ಲಿ ದಶರಥ ಸತ್ತ. ಹೆಸರು ಬರೆದ ಅದೇ ಟ್ರಂಕು ಅವನ ಪೆಟ್ಟಿಗೆಯಾಗಿ ಮನೆಗೆ ಬಂತು. ಮೊದಲ ಕಾರ್ತೀಕದಲ್ಲಿ ಅಳತೆಗೆ ಹೋದವನು ನಾನೇ. ಅಂಬೂ ಬಾಗಿಲ ಬಳಿ ನಿಂತು, “ಎಷ್ಟ ಬಂತು?” ಎಂದಳು. “ಮೂವತ್ತು” ಎಂದೆ. “ಹೋಗೂ ಮುಂದ ಇದ್ದಷ್ಟ ಐತಿ” ಎಂದಳು. ಹೀಗೆ ವರ್ಷಕ್ಕೊಮ್ಮೆ ಆರು ಅಂಕಿ ಹೇಳಲು ಹೋಗಿ ಹೋಗಿ ಆರು ವರ್ಷ ಕಳೆದವು. ಏಳನೇ ವರ್ಷ ಹಿರಿಯರು ಕೂತು ಮಾತಾಡಿ ನಮ್ಮ ಮದುವೆ ಮಾಡಿದರು. ಅಂಬೂ ಒಂದೇ ಮಾತು ಕೇಳಿದ್ದಳು: “ಪೆಟ್ಟಿಗಿ ಜೋಡಿ ಬರ್ತೈತಿ, ನಡೀತೈತೇನು?” ನಾನು, “ಅದರಾಗೇನೈತಿ” ಎಂದೆ. ನನ್ನ ಜೀವನದಲ್ಲಿ ಅಷ್ಟು ದೊಡ್ಡ ಸುಳ್ಳನ್ನು ಅಲ್ಲಿಯತನಕ ಹೇಳಿರಲಿಲ್ಲ.

ಪೆಟ್ಟಿಗೆ ನಡುಮನೆಯಲ್ಲಿ, ನಮ್ಮ ಮಂಚದಿಂದ ನಾಲ್ಕು ಮೊಳ ದೂರ ಕುಳಿತಿತು. ಅದರೊಳಗೆ ಎರಡು ಜೊತೆ ಹಸಿರು ಸಮವಸ್ತ್ರ, ಒಂದು ಉಣ್ಣೆಯ ಕೋಟು, ಬೂಟು, ಹಿತ್ತಾಳೆಯ ಬಕಲಿನ ಬೆಲ್ಟು, ದಾಡಿಯ ಬ್ರಶ್ಶು, ಎನಾಮಲ್ಲಿನ ಮಗ್ಗು, ಸೂಜಿದಾರದ ಚೀಲ. ಅಮಾವಾಸ್ಯೆಗೊಮ್ಮೆ ಹುಣ್ಣಿಮೆಗೊಮ್ಮೆ ಅಂಬೂ ಎಲ್ಲವನ್ನೂ ಅಂಗಳಕ್ಕೆ ತೆಗೆದು ಬಿಸಿಲಿಗೆ ಹಾಕುತ್ತಿದ್ದಳು. ಬಕಲಿಗೆ ಹುಣಸೆಹಣ್ಣು, ಬೂಟಿಗೆ ಎಣ್ಣೆಬಟ್ಟೆ, ಜೇಬಿಗೆ ಲವಂಗ, ಮಡಿಕೆಗಳ ನಡುವೆ ಒಣಬೇವು. ಸಮವಸ್ತ್ರ ಇಸ್ತ್ರಿ ಮಾಡಲು ನನ್ನ ಅಂಗಡಿಯ ಕೆಂಡದ ಇಸ್ತ್ರಿಯೇ ಬೇಕು. ಊರವರ ಅಂಗಿಗೆ ಗೆರೆ ಬೀಳಿಸುವ ನಾನು ಸ್ವತಃ ಸುಕ್ಕುಬಿದ್ದ ಅಂಗಿ ತೊಟ್ಟು ಕೂತಿರುತ್ತಿದ್ದೆ, ಅವಳು ಅವನ ತೋಳಿನ ಗೆರೆಯನ್ನು ಬೆರಳಲ್ಲಿ ಮುಟ್ಟಿ ನೋಡುತ್ತಿದ್ದಳು. ನನಗೆ ಹೊಟ್ಟೆ ಉರಿಯುತ್ತಿತ್ತು. ಬೇರೆ ಮಾತಿನಲ್ಲಿ ಹೇಳಿ ಮರ್ಯಾದೆ ಉಳಿಸಿಕೊಳ್ಳುವ ಆಸೆ ನನಗಿಲ್ಲ. ಬದುಕಿರುವ ಗಂಡಸಿನ ಮೇಲೆ ಹೊಟ್ಟೆಕಿಚ್ಚುಪಟ್ಟರೆ ಬೀದಿಯಲ್ಲಿ ನಿಲ್ಲಿಸಿ ಜಗಳವಾದರೂ ಆಡಬಹುದು, ಇವನ ಜೊತೆ ಏನು ಮಾಡಲಿ?

ಅವನ ಒಂದು ಅಂಗಿಯ ಮೊಣಕೈ ಹರಿದಿತ್ತು. ಅದನ್ನು ಅವನೇ ಅಲ್ಲೆಲ್ಲೋ ಹಿಮದಲ್ಲಿ ಕೂತು ರಫೂ ಮಾಡಿಕೊಂಡಿದ್ದ. ಬೆರಳು ಸೆಟೆದುಕೊಳ್ಳುವ ಚಳಿ ಎಂದು ಕಾಗದದಲ್ಲಿ ಬರೆಯುತ್ತಿದ್ದನಂತೆ. ಆ ಚಳಿಯಲ್ಲಿ ಹಾಕಿದ ಹೊಲಿಗೆಯನ್ನು ಒಳಗಿನಿಂದ ತಿರುಗಿಸಿ ನೋಡಿದರೂ ಎಲ್ಲಿ ಶುರು, ಎಲ್ಲಿ ಕೊನೆ ಎಂದು ತಿಳಿಯುತ್ತಿರಲಿಲ್ಲ. ಅಂಬೂ ಇಲ್ಲದಾಗ ನಾನು ಅದನ್ನು ಎಷ್ಟೋ ಸಲ ತೆಗೆದು ನೋಡಿದ್ದೇನೆ. ಒಂದಾದರೂ ಎಳೆ ಸೊಟ್ಟಗಿರಲಿ ಎಂದು ಹುಡುಕಿದ್ದೇನೆ. ಸಿಗಲಿಲ್ಲ.

ಒಂದು ಕಾರ್ತೀಕದಲ್ಲಿ ಅವನ ಎದೆ ಅರ್ಧ ಇಂಚು ಇಳಿಯಿತು. ಅಂಬೂ ಮುಖ ಸಣ್ಣದು ಮಾಡಿಕೊಂಡು, “ಸೊರಗ್ಯಾರ” ಎಂದವಳು ಮರುದಿನ ಬೆಳಗ್ಗೆಯೇ ಅಂಟಿನ ಉಂಡಿ ಕಟ್ಟಲು ಕೂತಳು. ಕೊಬ್ಬರಿ, ಉತ್ತತ್ತಿ, ತುಪ್ಪದಲ್ಲಿ ಹುರಿದ ಅಂಟು, ಗಸಗಸೆ. ಬಾಣಂತಿಗೆ ಮಾಡುವಷ್ಟು ಮುತುವರ್ಜಿ. ಐದು ಉಂಡಿಗಳನ್ನು ಬಟ್ಟಲಲ್ಲಿಟ್ಟು ಪೆಟ್ಟಿಗೆಯೊಳಗೆ ಒಂದು ದಿನ ಇಟ್ಟಳು. ಎರಡನೇ ದಿನ ತೆಗೆದು ನನಗೆ ಕೊಟ್ಟಳು. ಬೇವಿನ ವಾಸನೆ ಹೊಡೆಯುತ್ತಿದ್ದ ಆ ಉಂಡಿಗಳನ್ನು ನಾನು ತಿಂದೆ. ಅವು ನನ್ನ ಹೊಟ್ಟೆಯ ಮೇಲೆ ಬಂದವೇ ಹೊರತು ಅವನ ಎದೆಯ ಮೇಲೆ ಬರಲಿಲ್ಲ ಎಂದುಕೊಂಡಿದ್ದೆ. ಮುಂದಿನ ವರ್ಷ ಅವನ ಎದೆ ಮೊದಲಿನಷ್ಟೇ ಆಯಿತು!

ಆಮೇಲಿನ ವರ್ಷಗಳಲ್ಲಿ ನನಗೆ ಒಂದೇ ಆಸೆ ಉಳಿದಿತ್ತು. ಅವನಿಗೊಂದು ಹೊಟ್ಟೆ ಬರಲಿ. ಗುಡಾಣದಂಥ ಹೊಟ್ಟೆ ಬರಲಿ, ಕೊರಳು ದಪ್ಪವಾಗಲಿ, ಅಂಬೂ ನೋಡಿ ಮೂಗು ಮುರಿಯಲಿ. ಹದಿಮೂರನೇ ಕಾರ್ತೀಕದಲ್ಲಿ ದೇವರು ಕಣ್ಣು ತೆರೆದ. ಸೊಂಟಕ್ಕೆ ಟೇಪು ಸುತ್ತಿದೆ, ಮೂವತ್ತೊಂದೂವರೆ ಇದ್ದದ್ದು ಮೂವತ್ತೆರಡಾಗಿತ್ತು. ನಾನು ಖುಷಿಯಿಂದ ತಲೆ ಎತ್ತಿದೆ. ಅಂಬೂ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

“ಏರ್‍ಯಾರೇನ್ರಿ? ನಿಮ್ಮ ಮಾರಿ ನೋಡಿದ್ರ ಏರಿದಂಗ ಕಾಣಸ್ತೈತಿ. ಹೇಳ್ರಿ, ಹೋಳಿಗಿಗೆ ಬ್ಯಾಳಿ ಹಾಕ್ತೀನಿ.”

ಅವಳ ಕಣ್ಣುಗಳು ಹೊಳೆಯುತ್ತಿದ್ದವು. ಹಿಂದಿನ ವಾರವಷ್ಟೇ ಅವಳು ನನ್ನ ಹೊಟ್ಟೆಗೆ ಬೆರಳಿಂದ ತಿವಿದು, “ಇದನ್ನ ಒಂದೀಟು ಕರಗಸ್ರಿ, ಮಶೀನಿಗೆ ಅಡ್ಡ ಬರಾಕತ್ತೈತಿ” ಎಂದಿದ್ದಳು. ನನ್ನ ಹೊಟ್ಟೆಗೆ ತಿವಿತ, ಅವನ ಹೊಟ್ಟೆಗೆ ಹೋಳಿಗೆ. ಸತ್ತವನು ಇಳಿದರೂ ಉಂಡಿ, ಏರಿದರೂ ಹೂರಣ. ನನ್ನ ಬಾಯಿಂದ ಮಾತು ತಾನಾಗಿಯೇ ಬಂತು.

“ಅಷ್ಟ ಐತಿ. ಏನೂ ಬದಲಾಗಿಲ್ಲ.”

ಪುಸ್ತಕದಲ್ಲೂ ಹಾಗೆಯೇ ಬರೆದೆ. ಮೂವತ್ತೊಂದೂವರೆ. ಬೇಳೆ ಡಬ್ಬಿಯಲ್ಲೇ ಉಳಿಯಿತು. ಅಂಬೂ ಅಡುಗೆಮನೆಗೆ ಹೋದಳು. ನನಗೆ ಆ ದಿನ ಮೂರು ವರ್ಷ ಹೀಗೇ ಬರೆದರೆ ಅವನು ಮನೆ ಬಿಡುತ್ತಾನೆ ಎಂಬ ವಿಚಾರ ಹೊಳೆದಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಅದು ಹೊಳೆದದ್ದು ಮರುದಿನ.

ಹದಿನಾಲ್ಕನೇ ವರ್ಷ ಅವನ ಸೊಂಟ ಮೂವತ್ಮೂರಾಯಿತು, ಹದಿನೈದನೇ ವರ್ಷ ಮೂವತ್ನಾಲ್ಕೂವರೆ. ಮನುಷ್ಯನಿಗೆ ನಲವತ್ತು ದಾಟಿದ ಮೇಲೆ ಹೀಗೇ ಒಮ್ಮೆಲೇ ಬರುವುದು. ನಾನು ಎರಡು ವರ್ಷವೂ ಮೂವತ್ತೊಂದೂವರೆ ಎಂದೇ ಬರೆದೆ. ಉಳಿದ ಐದು ಅಳತೆಗಳನ್ನೂ ಹಳೆಯ ಪುಟ ನೋಡಿ ಇಳಿಸಿದೆ. ಉಳಿದ ಹದಿನೆಂಟು ಮನೆಗಳಲ್ಲಿ ಕಾಲು ಇಂಚಿನ ವ್ಯತ್ಯಾಸವನ್ನೂ ಬಿಡದೆ ಬರೆದವನು ನನ್ನ ಮನೆಯಲ್ಲಿ ಮೂರು ಇಂಚು ನುಂಗಿದೆ.

ಅರಿವೆ ಮನೆಯ ಉಸ್ತುವಾರಿ ನಿವೃತ್ತ ಸುಭೇದಾರ ಕಲ್ಲಪ್ಪನವರದು. ಕೋಲಿನಂತೆ ನೆಟ್ಟಗೆ ನಡೆಯುವ ಮುದುಕರು. ಮೂರನೇ ವರ್ಷದ ಪುಟ ನೋಡಿ ಕನ್ನಡಕ ತೆಗೆದು, “ನಿಂತೈತಿ” ಎಂದರು. ನನ್ನ ಮುಖ ನೋಡಿ ನನಗೆ ದುಃಖವಾಗಿದೆ ಎಂದುಕೊಂಡು ಹೆಗಲ ಮೇಲೆ ಕೈ ಇಟ್ಟರು. ಗುರುವಾರಕ್ಕೆ ಮೆರವಣಿಗೆ ಎಂದಾಯಿತು. ಅಂಬೂ ಅಳಲಿಲ್ಲ. ಬುಧವಾರ ಎಲ್ಲವನ್ನೂ ಒಗೆದಳು, ಹೊಸ ಲವಂಗ ಹಾಕಿದಳು, ಕೊನೆಯ ಇಸ್ತ್ರಿ ನೀವೇ ಮಾಡಿ ಎಂದು ನನ್ನ ಕೈಗೆ ಕೊಟ್ಟಳು. ನಾನು ಅಂಗಡಿಯ ಬಾಗಿಲು ಮುಂದೆ ಮಾಡಿಕೊಂಡು ಅಂಗಿಯ ಪಕ್ಕದ ಹೊಲಿಗೆ, ಪ್ಯಾಂಟಿನ ಹಿಂದಿನ ಹೊಲಿಗೆ ಎಲ್ಲ ಒಳಕ್ಕೆ ಹಿಡಿದು ಮೂವತ್ತೊಂದೂವರೆಗೆ ತಂದೆ. ಬಡಗಿ ಬೊಂಬೆ ಕೆತ್ತಿದ್ದು ನನ್ನ ಪುಸ್ತಕ ನೋಡಿ ತಾನೇ.

ಮೆರವಣಿಗೆ ಮುಗಿದ ದಿನವೇ ಅಂಬೂ ಪೆಟ್ಟಿಗೆ ಇದ್ದ ಜಾಗಕ್ಕೆ ಜೋಳದ ಡಬ್ಬಿ ತಂದಿಟ್ಟಳು. ಆಮೇಲಿನ ಏಳು ತಿಂಗಳು ನನ್ನ ಬಾಳಿನ ಏಳು ತಿಂಗಳು. ಬೆಳಗಿನ ಚಹಾಕ್ಕೆ ಶುಂಠಿ ಬಿತ್ತು. ನನ್ನ ಅಂಗಿಗಳಿಗೆ ಇಸ್ತ್ರಿ ಬಿತ್ತು. ಸಂತೆಗೆ ಹೊರಟರೆ, “ನೀವೂ ಬರ್ರಿ, ಒಬ್ಬಾಕೀಗೆ ಬ್ಯಾಸರ” ಎನ್ನುತ್ತಿದ್ದಳು. ಮದುವೆಯಾಗಿ ಒಂಬತ್ತನೇ ವರ್ಷಕ್ಕೆ ನನಗೆ ಹೆಂಡತಿ ಸಿಕ್ಕಳು. ಅಂಗಡಿಯಲ್ಲಿ ಕೂತು ನಾನು ಹಾಡು ಗುನುಗುತ್ತಿದ್ದೆನಂತೆ, ಎದುರಿನ ಕಿರಾಣಿಯವನು ಹೇಳಿದ.

ತಾನೊಂದು ಬಗೆದರೆ ದೈವವೊಂದು ಬಗೆಯಿತು ಎನ್ನುತ್ತಾರಲ್ಲ. ಅರಿವೆ ಮನೆಯ ದಾರಿಯಲ್ಲಿ ಹೋಗುತ್ತಿದ್ದಾಗ ಸುಭೇದಾರರು ಕರೆದರು.

“ಏ ಪಂಢರಿ, ದಶರಥನ ಅಂಗಿ ಸ್ವಲ್ಪ ಸಡ್ಲ ಕಾಣಸ್ತೈತಲ್ಲೋ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನಾನು ಟೇಪು ಮುಟ್ಟಿಕೊಂಡೆ. “ಕಟ್ಟಿಗಿ ಒಣಗಿರಬೇಕ್ರಿ ಸಾಹೇಬರ, ಬೊಂಬಿ ಕುಗ್ಗೈತಿ. ನಾ ನೋಡ್ತೀನಿ ಬಿಡ್ರಿ” ಎಂದೆ. ಒಳಗೆ ಹೋಗಿ ನೋಡಿದರೆ ಮತ್ತೆ ಒಂದು ಇಂಚು ಬಂದಿತ್ತು. ಗಾಜಿನ ಹಿಂದೆ ನಿಂತರೂ ಅವನು ಉಣ್ಣುವುದು ಬಿಟ್ಟಿರಲಿಲ್ಲ. ಅಂದಿನಿಂದ ನನಗೆ ಹೊಸ ಕೆಲಸ ಹತ್ತಿತು. ಬುಧವಾರ ಸಂತೆ. ಸುಭೇದಾರರು ಕಪಾಟಿನ ಚಾವಿ ಗೂಟಕ್ಕೆ ಹಾಕಿ ಊಟಕ್ಕೆ ಹೋದರೆ ಕಾಯಿಪಲ್ಲೆ ಕೊಂಡು ಬರುವುದು ಮೂರು ಗಂಟೆಗೆ. ಅಷ್ಟರಲ್ಲಿ ನಾನು ಸೂಜಿದಾರ ಹಿಡಿದು ಹೋಗಿ ಅವನನ್ನು ಬೊಂಬೆಯಿಂದ ಬಿಡಿಸಿ, ಒಳಗಿನಿಂದ ಹಿಡಿದು, ಮತ್ತೆ ತೊಡಿಸಿ, ಗುಂಡಿ ಹಾಕಿ ಬರಬೇಕು. ಯಾರಿಗೂ ಕಾಣದಂತೆ ಹೊಲಿಯಬೇಕು. ಯಾವ ಗಿರಾಕಿಗೂ ನಾನು ಅಷ್ಟು ಚೊಕ್ಕ ಹೊಲಿದಿಲ್ಲ. ಮನೆಯಿಂದ ಹೊರಗೆ ಹಾಕಿದವನನ್ನು ವಾರಕ್ಕೊಮ್ಮೆ ಹೋಗಿ ತೋಳಲ್ಲಿ ಹಿಡಿಯುವ ಗತಿ ನನಗೇ ಬಂತು.

ಅಂಬೂ ಕೆಲವು ವಾರ ಬಿಟ್ಟು ಕೇಳಿದಳು. “ಬುಧವಾರ ಸಂತಿ ಬಿಟ್ಟು ಎಲ್ಲಿಗೆ ಹೋಗ್ತೀರಿ?”

“ಗಿರಾಕಿ ಮನಿಗೆ.”

“ಅರಿವಿ ಮನಿಗೆ ಹೋಗ್ತಾರ ಅಂತ ಖಾಸೀಂಬಿ ಅವ್ವ ಅಂದ್ಲು. ಹೌದೇನು?”

“ಬಟ್ಟಿ ನೋಡಿಕೊಂಡು ಬರ್ತೀನಿ. ನುಸಿ ಬೀಳಬಾರದಲ್ಲ.”

ಅವಳ ಮುಖ ಬಿಗಿಯಾಯಿತು. “ನನ್ನ ಕೈಯಾಗಿಂದ ತಗೊಂಡು ಹೋದ್ರಿ. ಈಗ ನೀವೊಬ್ಬರ ಹೋಗಿ ನೋಡ್ತೀರಿ. ನಾ ಏನ ಹೊರಗಿನಾಕಿ ಏನು?” ಎಂದಳು. ನಾನು ಚಪ್ಪಲಿ ಮೆಟ್ಟಿದೆ.

ಮುಂದಿನ ಬುಧವಾರ ನಾನು ಅರಿವೆ ಮನೆಯ ನೆಲದ ಮೇಲೆ ಕೂತು ಅಂಗಿಯನ್ನು ತೊಡೆಯ ಮೇಲೆ ತಿರುವಿಹಾಕಿಕೊಂಡಿದ್ದೆ. ಕತ್ತರಿ ಪಕ್ಕದಲ್ಲಿತ್ತು, ಬಾಯಲ್ಲಿ ದಾರವಿತ್ತು. ಬಾಗಿಲಲ್ಲಿ ನೆರಳು ಬಿತ್ತು. ಅಂಬೂ ಒಳಗೆ ಬಂದು ನನ್ನೆದುರು ಕುಕ್ಕುರುಗಾಲಲ್ಲಿ ಕೂತು ಅಂಗಿಯನ್ನು ಎಳೆದುಕೊಂಡಳು. ಸಿಂಪಿಗನ ಹೆಂಡತಿಗೆ ಹೊಲಿಗೆ ಓದಲು ಬರುತ್ತದೆ. ಒಳಪಕ್ಕದಲ್ಲಿ ಒಂದರ ಪಕ್ಕ ಒಂದು ನಾಲ್ಕು ಸಾಲು ಹೊಲಿಗೆ, ನಡುವೆ ಮಡಚಿಟ್ಟ ಬಟ್ಟೆ. ಅವಳು ಮಡಿಕೆಯ ಮೇಲೆ ಹೆಬ್ಬೆರಳು ಆಡಿಸುತ್ತ ಹೋದಳು. ನಾನು ಬಾಯಿಂದ ದಾರ ತೆಗೆಯುವುದನ್ನೂ ಮರೆತೆ.

“ಎಷ್ಟು?” ಎಂದಳು.

“ಮೂವತ್ತಾರು.”

“ಯಾವಾಗಿಂದ?”

ಹೇಳಿದೆ. ಮೂರು ವರ್ಷದ ಎಲ್ಲ ಅಳತೆಗಳನ್ನೂ, ಪುಸ್ತಕದಲ್ಲಿಲ್ಲದ ಖರೇ ಅಳತೆಗಳನ್ನು, ಒಂದೂ ಬಿಡದೆ ಹೇಳಿದೆ. ಅವು ನನಗೆ ಬಾಯಿಪಾಠವಾಗಿದ್ದವು. ಅವಳು ಅಂಗಿಯ ಮೇಲಿಂದ ಕಣ್ಣು ತೆಗೆಯಲಿಲ್ಲ.

“ಮಡಚೂ ಮುಂದ ಕೈಗೆ ಗೊತ್ತಾಗ್ತಿತ್ತು. ಅರಿವಿ ಹೆಚ್ಚಿಗಿ ಐತಿ ಅಂತ ಕೈ ಹೇಳ್ತಿತ್ತು. ನೀವು ಅಷ್ಟ ಐತಿ ಅಂದ್ರಿ. ನಾ ನನ್ನ ಕೈ ನಂಬಲಿಲ್ಲ, ನಿಮ್ಮನ್ನ ನಂಬಿದೆ.”

“ಅಂಬೂ...”

“ಮೂರು ವರ್ಷ ಒಳಗೊಳಗ ಅತ್ತೀನಿ, ನಿಮಗ ಗೊತ್ತೇನು? ಒಂದನೇ ವರ್ಷ ಅಳತಿ ನಿಂತಾಗನ ನನಗ ಹೆದರಿಕಿ ಹುಟ್ಟಿತ್ತು. ಎರಡನೇ ವರ್ಷ ಖಾತ್ರಿ ಆತು. ನಿಮಗ ಬ್ಯಾಸರ ಆಗಬಾರದು ಅಂತ ನೀರಿಗೆ ಹೋದಾಗ ಅಳ್ತಿದ್ದೆ. ಅತ್ತು ಮುಗಿಸಿ, ಇನ್ನ ಇವರು ಇಲ್ಲ ಅಂತ ಮನಸಿಗೆ ಹೇಳಿ, ನಿಮ್ಮ ಕಡೆ ತಿರುಗಿದೆ. ಈಗ ಇವರು ಅದಾರ ಅಂತೀರಿ. ಈಗ ನಾ ಯಾರ ಕಡೆ ತಿರುಗಲಿ?”

ಶುಂಠಿ ಚಹಾ, ಇಸ್ತ್ರಿ ಅಂಗಿ, ಸಂತೆಯ ದಾರಿ ಎಲ್ಲವೂ ಅವಳ ಆ ಮೂರು ವರ್ಷದ ಅಳುವಿನಿಂದ ಬಂದದ್ದು ಎಂದು ಆಗ ಗೊತ್ತಾಯಿತು. ಅವಳು ಕತ್ತರಿ ತೆಗೆದುಕೊಂಡಳು. ನನ್ನ ಹೊಲಿಗೆಗಳನ್ನು ಒಂದೊಂದಾಗಿ ಬಿಚ್ಚಿದಳು. ಬಟ್ಟೆ ಬಿಡುತ್ತ ಬಂತು. ಕೊನೆಯ ಸಾಲು ಬಿಚ್ಚಿದ ಮೇಲೆ ಅಂಗಿ ಅವಳ ಮೊಣಕಾಲಿನ ಮೇಲೆ ಅಗಲವಾಗಿ ಬಿತ್ತು. ನಡುವಯಸ್ಸಿನ ಮನುಷ್ಯನ ಅಂಗಿ. ಅಷ್ಟು ಅಗಲಕ್ಕೆ ಅವಳು ಅದನ್ನು ಅಲ್ಲಿಯತನಕ ನೋಡಿರಲಿಲ್ಲ.

“ನಾ ನನ್ನ ತಮ್ಮನ ಮನಿಗೆ ಹೋಗ್ತೀನಿ. ಪೆಟ್ಟಿಗಿ ತಗೊಂಡ ಹೋಗ್ತೀನಿ” ಎಂದಳು.

ಅಷ್ಟರಲ್ಲಿ ಸುಭೇದಾರರು ಬಂದರು. ಚೀಲದಲ್ಲಿ ಬದನೆಕಾಯಿ ಇತ್ತು. ಬತ್ತಲೆ ಬೊಂಬೆ, ನೆಲದ ಮೇಲಿನ ಅಂಗಿ, ಕತ್ತರಿ, ನಮ್ಮಿಬ್ಬರ ಮುಖ ನೋಡಿ ಅಲ್ಲೇ ನಿಂತರು. ಬೊಂಬೆ ಕುಗ್ಗಿತೆಂದು ಮತ್ತೊಂದು ಸಲ ಹೇಳಬಹುದಿತ್ತು. ಅಂಬೂ ನನ್ನನ್ನೇ ನೋಡುತ್ತಿದ್ದಳು.

“ಅಳತಿ ನಿಂತಿಲ್ರಿ ಸಾಹೇಬರ. ನಾ ಸುಳ್ಳು ಬರದೆ” ಎಂದೆ.

ಅವರು ಬದನೆಕಾಯಿಯ ಚೀಲ ಕೆಳಗಿಟ್ಟರು. ಆಮೇಲೆ ಕೇಳಿದ್ದು ನಾನು ಎಣಿಸಿದ ಮಾತಲ್ಲ. “ಎಷ್ಟ ಮಂದೀದು ಬರದಿ ಹಿಂಗ?”

“ಇವನೊಬ್ಬಂದ.”

“ಅದನ್ನ ಹ್ಯಾಂಗ ನಂಬಲೋ? ಹತ್ತೊಂಬತ್ತು ಮನಿ, ಹದಿನೈದು ವರ್ಷ. ಆ ತಾಯಂದಿರಿಗೆ ನಾ ಏನ ಹೇಳ್ಲಿ?” ಎಂದು ಮುಂದೆ ಬಂದು ನನ್ನ ಕೊರಳಿಂದ ಟೇಪು ತೆಗೆದುಕೊಂಡರು. “ಅಳತಿ ನಡದಿರೂ ಮನಶ್ಯಾನ್ನ ಇಲ್ಲಿ ಇಡಾಕ ಬರೂದಿಲ್ಲ. ಒಯ್ರಿ” ಎಂದರು.

ಟ್ರಂಕಿಗೆ ಎರಡು ಹಿಡಿಕೆ. ಅಂಬೂ ಒಂದು ಹಿಡಿದು ಮುಂದೆ ನಡೆದಳು, ನಾನು ಇನ್ನೊಂದು ಹಿಡಿದು ಹಿಂದೆ. ಬಾಜಾ ಬಾರಿಸಿ ಕಳುಹಿಸಿದ್ದು ಮಧ್ಯಾಹ್ನದ ಬಿಸಿಲಲ್ಲಿ ಹಾಗೇ ವಾಪಸು ಬರುವುದನ್ನು ಸಂತೆಯವರೆಲ್ಲ ನೋಡಿದರು. ಗುಸುಗುಸು ನಮಗಿಂತ ಮುಂದೆ ಓಡಿತು. ಬಳೆಗಾರರ ಓಣಿಯ ತಿರುವಿಗೆ ಬರುವಷ್ಟರಲ್ಲಿ ಖಾಸೀಂಬಿ ಬೀದಿಗೆ ಬಂದು ನಿಂತಿದ್ದಳು. ಎದೆಗೆ ಮಗನ ಪ್ಯಾಂಟು ಅವಚಿಕೊಂಡಿದ್ದಳು.

“ಪಂಢರಿ, ನೀ ಸುಳ್ಳು ಬರದಿ ಅಂತ ಮಂದಿ ಅನ್ನಾಕತ್ತಾರ. ನನ್ನ ಮಗನ ಹೊಟ್ಟಿ? ಅದೂ ಸುಳ್ಳೇನೋ?”

“ಖರೇ ಐತಿ ಅವ್ವಾ. ನಲವತ್ತೆರಡು. ನನ್ನಾಣಿ.”

“ನಿನ್ನ ಆಣಿ ತಗೊಂಡು ಏನ ಮಾಡ್ಲೋ ಈಗ?”

ನನಗೆ ಅಷ್ಟು ವರ್ಷ ಖಾರಿ ತಿನ್ನಿಸಿದ ಮುದುಕಿ ಪ್ಯಾಂಟನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡು ನನ್ನ ಮುಖ ನೋಡುತ್ತ ನಿಂತಳು. ಒಬ್ಬನ ಮೇಲಿನ ಉರಿಗೆ ನಾನು ಎಷ್ಟು ಮನೆಗಳ ನಂಬಿಕೆ ಸುಟ್ಟಿದ್ದೆ ಎಂದು ಆ ಮುಖದಲ್ಲಿ ಕಾಣಿಸಿತು. ಭೂಮಿ ಬಾಯಿಬಿಟ್ಟರೆ ಟ್ರಂಕಿನ ಸಮೇತ ಇಳಿದುಹೋಗುತ್ತಿದ್ದೆ. ಆಗ ಅಂಬೂ ತನ್ನ ತುದಿಯನ್ನು ಕೆಳಗಿಟ್ಟಳು.

“ನಿನ್ನ ಮಗಂದು ಖರೇ ಐತಿ ಅವ್ವಾ. ಈ ಮನಶ್ಯಾಗ ಹೊಟ್ಟಿಕಿಚ್ಚು ಇರೂದು ಒಬ್ಬರ ಮ್ಯಾಲಷ್ಟ. ಬ್ಯಾರೇದವರ ಅಳತಿ ಮುಟ್ಟೂ ಬುದ್ಧಿ ಇವರಿಗಿಲ್ಲ” ಎಂದು ಗದ್ದದಿಂದ ಟ್ರಂಕಿನ ಕಡೆ ತೋರಿಸಿದಳು.

ಖಾಸೀಂಬಿ ಟ್ರಂಕನ್ನು ನೋಡಿದಳು, ನನ್ನನ್ನು ನೋಡಿದಳು. “ಸತ್ತವನ ಮ್ಯಾಲೆ?” ಎಂದಳು. “ಹುಚ್ಚಪ್ಪ” ಎಂದಳು. ಪ್ಯಾಂಟಿನ ಸೊಂಟವನ್ನು ಒಮ್ಮೆ ಎರಡೂ ಕೈಯಲ್ಲಿ ಹಿಗ್ಗಿಸಿ ನೋಡಿ, ಸಮಾಧಾನವಾದವಳಂತೆ ಮಡಚಿಕೊಂಡು ಒಳಗೆ ಹೋದಳು.

ನಾವು ಮತ್ತೆ ಎತ್ತಿದೆವು. ಆ ತಿರುವಿನಲ್ಲಿ ಎಡಕ್ಕೆ ಹೋದರೆ ಅಂಬೂನ ತಮ್ಮನ ಮನೆ, ಬಲಕ್ಕೆ ನಮ್ಮದು. ನಾನು ಅವಳ ಕಾಲುಗಳನ್ನೇ ನೋಡುತ್ತಿದ್ದೆ. ಬೇಡಿಕೊಳ್ಳಬೇಕೆನಿಸಿತು, ಯಾವ ಬಾಯಿಂದ ಬೇಡಲಿ ಎಂದೂ ಅನಿಸಿತು. ಅವಳು ಎರಡು ಹೆಜ್ಜೆ ಇಟ್ಟು ನಿಂತಳು, ಹಿಂದೆ ತಿರುಗದೆ ಕೇಳಿದಳು.

“ಮೂವತ್ತಾರು ಅಂದ್ರಲ್ಲ, ಖರೇನ?”

“ಖರೇನ.”

“ಹೋದ ವರ್ಷ ಮೂವತ್ನಾಲ್ಕೂವರಿ?”

“ಹೂಂ.”

“ರಜಾದಾಗ ಬಂದಾಗ ನಾ ಕೈಯಾರೆ ಮಾಡಿ ಹಾಕಿದ್ರೂ ಒಂದು ದಾರದಷ್ಟ ಏರಲಿಲ್ಲ. ಉಂಡಿ ಕಟ್ಟಿ ಕಟ್ಟಿ ಇಟ್ಟೆ, ಎದಿ ಏರಿತು, ಹೊಟ್ಟಿ ಏರಲಿಲ್ಲ.” ಅವಳ ದನಿ ಏರಿತು. “ಈಗ ನೋಡಿದ್ರ ಮೂರು ವರ್ಷದಾಗ ನಾಲ್ಕೂವರಿ ಇಂಚು! ಹಂಗಾರ ಅಲ್ಲಿ ಯಾವಾಕೀನೋ ಹೊತ್ತಿಗೆ ಸರಿಯಾಗಿ ಬಿಸಿ ಬಿಸಿ ಮಾಡಿ ಹಾಕಾಕತ್ತಾಳ.”

ಆ ದನಿ ನನಗೆ ಚೆನ್ನಾಗಿ ಗೊತ್ತು. ಇಷ್ಟು ವರ್ಷ ಅದು ನನ್ನ ಗಂಟಲಲ್ಲೇ ಸಿಕ್ಕಿಕೊಂಡಿತ್ತು. ಅಂಬೂ ಸೆರಗನ್ನು ಸೊಂಟಕ್ಕೆ ಬಿಗಿದಳು, ಹಿಡಿಕೆಯನ್ನು ಕೈ ಬದಲಿಸಿದಳು, ಅದೇ ಸಿಟ್ಟಿನಲ್ಲಿ ದಾಪುಗಾಲು ಹಾಕುತ್ತ ಬಲಕ್ಕೆ ತಿರುಗಿದಳು. ನಾನು ನನ್ನ ತುದಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ಅವಳ ಹಿಂದೆ ಓಡಿದೆ.